ಅಪ್ಪನ ಗಡಿಯಾರದ ನಕಲು

ಕಾರ್ದೆನಾಸ್ ಊರಿನಿಂದ

ಉಬಾಲ್ಡೊ ಅಣ್ಣ,

ಇವತ್ತು ಅಪ್ಪನ ಮೂಳೆ ಹೊರತೆಗೆದರು. ಹೂತು ಎರಡು ವರ್ಷ ತುಂಬಿತಲ್ಲ, ಇಲ್ಲಿನ ರೂಢಿಯಂತೆ ಗೋರಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕು. ಅಮ್ಮ ಒಂದೊಂದನ್ನೂ ಒರೆಸಿ ಸಿಮೆಂಟಿನ ಪೆಟ್ಟಿಗೆಯಲ್ಲಿಟ್ಟಳು. ಕೈಗಡಿಯಾರವೂ ಸಿಕ್ಕಿತು, ಮೈತುಂಬ ತುಕ್ಕು.

ನೀನು ಮಯಾಮಿಗೆಂದು ದೋಣಿ ಹತ್ತುವಾಗ ಅಪ್ಪನ ಗಡಿಯಾರ ಒಯ್ದದ್ದು ಅವರಿಗೆ ಗೊತ್ತಾಗಬಾರದೆಂದು ನಾನು ಮಾಡಿದ ನಕಲು ಅದು. ಯಾವುದೋ ಅಗ್ಗದ ನಕಲಿ ಗಡಿಯಾರ ತಂದು, ಹಿತ್ತಲಿನ ಲೇತ್ ಯಂತ್ರದಲ್ಲಿ ಅದರ ಕವಚ ಸವೆಸಿ, ಬೆನ್ನಿಗೆ ಅಪ್ಪನ ಹೆಸರು ಕೆತ್ತಿದ್ದೆ. ಹವ್ಯಾಸಕ್ಕೆಂದು ಹಿಡಿದ ಈ ಕೆಲಸದಲ್ಲಿ ಅಷ್ಟು ಚೆಂದದ್ದು ನನ್ನ ಕೈಯಿಂದ ಮತ್ತೆ ಬಂದಿಲ್ಲ.

ಅಮ್ಮ ತುಕ್ಕನ್ನು ಉಗುರಿನಿಂದ ಕೆರೆದು ನೋಡಿದಳು. ನಾನು ಏನೋ ಹೇಳಲು ಬಾಯಿ ತೆರೆದೆ.

"ಸುಮ್ನಿರೋ ನಿವಾಲ್ಡೊ. ಕೈಗೆ ಕಟ್ಕೊಂಡ ದಿನಾನೇ ನಿಮ್ಮಪ್ಪಂಗೆ ಗೊತ್ತಾಗಿತ್ತು. 'ಚಿಕ್ಕೋನು ಚೆನ್ನಾಗಿ ಕೆತ್ತಿದಾನೆ. ದೊಡ್ಡೋನು ಅದನ್ನ ಮಾರ್ಕೊಂಡು ನಾಕು ದಿನ ಊಟ ಮಾಡ್ಲಿ ಬಿಡು' ಅಂದ್ರು."

ನಿನ್ನ ದೋಣಿ ಎಲ್ಲೂ ದಡ ಸೇರಲಿಲ್ಲವೆಂದು ಊರೆಲ್ಲ ಹೇಳಿದರೂ ಅಮ್ಮ ನಂಬಿರಲಿಲ್ಲ. ಇಷ್ಟು ದಿನವೂ ಊಟಕ್ಕೆ ನಿನ್ನ ತಟ್ಟೆ ಇಡುತ್ತಿದ್ದಳು.

ಗಡಿಯಾರವನ್ನು ನನ್ನ ಅಂಗೈಗೆ ಒತ್ತಿದಳು. "ಇದರ ಬೆನ್ನು ನುಣ್ಣಗೆ ಮಾಡಿ ಉಬಾಲ್ಡೊ ಹೆಸರು ಕೆತ್ತು. ನಾಳೆ ಪೆಟ್ಟಿಗೆ ಮುಚ್ಚೋ ಮುಂಚೆ ತಗೊಂಡು ಹೋಗೋಣ. ಅಪ್ಪನ ಜೊತೆ ಅವನದೂ ಅಂತ ಏನಾದ್ರೂ ಇರ್ಲಿ."

ನಿನ್ನ ಹೆಸರು ಕೆತ್ತಿ ಮುಗಿಯಿತು, ಹುಟ್ಟಿದ ವರ್ಷವೂ. ಅದರ ಪಕ್ಕದಲ್ಲಿ ಇನ್ನೊಂದು ವರ್ಷಕ್ಕೆಂದು ಉಳಿ ಊರಿ ಕೂತಿದ್ದೇನೆ, ಕೈ ಮುಂದೆ ಹೋಗುತ್ತಿಲ್ಲ. ಅಮ್ಮ ಊಟಕ್ಕೆ ಕರೆಯುತ್ತಿದ್ದಾಳೆ. ಮೇಜಿನ ಮೇಲೆ ಎರಡೇ ತಟ್ಟೆ ಇಟ್ಟಿದ್ದಾಳೆ.