ಮುನಿಸ್ವಾಮಪ್ಪಣ್ಣನ ಹೆಸರಲ್ಲಿ ಮೂರು ಕೇಸು

ಜೂನ್ 3, ಬೆಳಿಗ್ಗೆ 9:40
ಬೆಂಗಳೂರು ರೈಲಿನ ಗದ್ದಲ ಮುಗೀತು. ಸ್ಟ್ಯಾಂಡ್ ಖಾಲಿ. ಪುರಸಭೆಯವರು ನೋಟಿಸ್ ಅಂಟಿಸಿ ಹೋದರು — ಬಂಗಾರಪೇಟೆ ಸ್ಟೇಷನ್ ಮುಂದಿನ ಆಟೋದವರಿಗೆಲ್ಲ ಪೊಲೀಸ್ ವೆರಿಫಿಕೇಶನ್. ಪಾಸಾದರೆ ಕಾರ್ಡ್. ಇಲ್ಲದಿದ್ದರೆ ಸ್ಟ್ಯಾಂಡ್ ಮರೆತುಬಿಡಬೇಕು. ಒಳ್ಳೇದೇ ಆಯಿತು. ರೂಪ ಆಸ್ಪತ್ರೆ ಕೆಲಸ ಮುಗಿಸಿ ಉರಿಗಾಂನ ನಮ್ಮ ಮನೆಗೆ ಆಟೋದಲ್ಲೇ ಬರುತ್ತಾಳೆ. ನಾನು ಆ ಹೊತ್ತಿಗೆ ಇಲ್ಲಿ ನನ್ನ ಆಟೋದಲ್ಲಿ ರೈಲು ಕಾಯುತ್ತಿರುತ್ತೇನೆ. ಹೆಂಡತಿಯನ್ನು ಕೂರಿಸಿಕೊಂಡವನು ಎಂಥವನೋ ಗೊತ್ತಿರಬೇಡವೇ?
ನಮ್ಮ ಸ್ಟ್ಯಾಂಡಿನ ಹಿರಿಯ ಮುನಿಸ್ವಾಮಪ್ಪಣ್ಣನೇ ಕರೆತರುತ್ತಾನೆ. ಅದಕ್ಕೇ ನನಗೆ ನೆಮ್ಮದಿ.

ಜೂನ್ 19
ವೆರಿಫಿಕೇಶನ್ ಫಲಿತಾಂಶ ಬಂತು. ನಾನು ಕ್ಲೀನ್. ಸ್ಟ್ಯಾಂಡಿನ ಗಿರಿಯೂ ಕ್ಲೀನ್. ಮುನಿಸ್ವಾಮಪ್ಪಣ್ಣ ರಿಜೆಕ್ಟ್. ಮೂರು ಕೇಸು!
ಅವು ಎಂಥ ಕೇಸು ಅಂತ ನನಗೆ ಗೊತ್ತು. ಎಂಟು ವರ್ಷದ ಹಿಂದೆ ಠಾಣೆಯಲ್ಲಿದ್ದ ದಫೇದಾರನೊಬ್ಬನಿಗೆ ಲೆಕ್ಕ ತೋರಿಸಲು ಆಗಾಗ ಒಂದು ಸಣ್ಣಪುಟ್ಟ ಪೆಟ್ಟಿ ಕೇಸು ಬೇಕಿತ್ತು. ಸ್ಟ್ಯಾಂಡಿನಲ್ಲಿ ಸರದಿ ಇಟ್ಟಿದ್ದೆವು. ಸರದಿಯವನು ಕೋರ್ಟಿನಲ್ಲಿ ನಿಂತು ‘ಗಲಾಟೆ ಮಾಡಿದ್ದು ನಾನೇ’ ಅನ್ನಬೇಕು, ಅಷ್ಟೇ. ಗಲಾಟೆಯೂ ಇಲ್ಲ, ಮಣ್ಣೂ ಇಲ್ಲ.
ನನ್ನ ಸರದಿ ಬಂದದ್ದು ನನ್ನ ನಿಶ್ಚಿತಾರ್ಥದ ವಾರ.
“ಕೇಸು ಅಂದ್ರೆ ಎಣ್ಣು ಕೊಡಲ್ಲ ಕಣ್ಲಾ ಬಾಲಾಜಿ. ನಾನ್ ಓಯ್ತೀನಿ ಬಿಡು” ಅಂದ ಮುನಿಸ್ವಾಮಪ್ಪಣ್ಣ.
ಗಿರಿಯ ತಾಯಿ ಆಸ್ಪತ್ರೆಯಲ್ಲಿದ್ದಾಗ ಅವನ ಸರದಿಗೂ ಹೋದ. ಒಂದು ಅವನದು, ಒಂದು ನನ್ನದು, ಒಂದು ಗಿರಿಯದು. ಪೊಲೀಸರ ಕಂಪ್ಯೂಟರಿನಲ್ಲಿ ಮೂರೂ ಅವನವೇ.

ಜೂನ್ 24
ಪುರಸಭೆಗೆ ಹೋಗಿದ್ದೆವು. ಒಂದು ಸಣ್ಣ ಕೇಸಾದರೆ ಬಿಡುತ್ತಾರಂತೆ. ಮೂರಕ್ಕೆ ಆಗಲ್ಲ. ಜುಲೈ 4ಕ್ಕೆ ವಿಚಾರಣೆ.
ನಾನೊಬ್ಬನೇ ನನ್ನದನ್ನು ಒಪ್ಪಿಕೊಂಡರೆ ಸಾಲದು, ಅಣ್ಣನ ಹೆಸರಲ್ಲಿ ಇನ್ನೂ ಎರಡು ಉಳಿಯುತ್ತವೆ, ಗಿರಿಯೂ ಬರಬೇಕು. ಕೇಳಿದೆ. ಕೋರ್ಟಿಗೆ ಸುಳ್ಳು ಹೇಳಿಸಿದವರಿಗೆ ಕಾರ್ಡ್ ಉಳಿಸುತ್ತಾರಾ, ಹೋದರೆ ನನ್ನ ಮನೆಗೆ ನೀನು ಅನ್ನ ಹಾಕ್ತೀಯಾ ಅಂದ. ಬೈಯಬೇಕು ಅನ್ನಿಸಿತು. ಬೈಯಲಿಲ್ಲ. ಐದು ದಿನದಿಂದ ನಾನೂ ಅದನ್ನೇ ಯೋಚಿಸುತ್ತಿದ್ದೇನಲ್ಲ... ಹೇಡಿ ನಾನು.

ಜೂನ್ 30
ರೂಪಳಿಗೆ ಎಲ್ಲ ಹೇಳಿಬಿಟ್ಟೆ. ಸಿಟ್ಟು ಮಾಡಿಕೊಂಡಳು — ಸರದಿಗಲ್ಲ, ಎಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದಕ್ಕೆ. ಆಮೇಲೆ ಸಾರು ಬಡಿಸುತ್ತಾ ಕೇಳಿದಳು: “ದಿನಾ ನನ್ನನ್ನ ಮನೆ ಬಾಗಿಲಿಗೆ ಬಿಟ್ಟು, ಲೈಟ್ ಹಾಕೋವರೆಗೂ ನಿಂತು ಹೋಗೋರು ಅವರು. ಅವರು ಕಳ್ಳರು, ನೀವು ಕ್ಲೀನಾ?”


ಜುಲೈ 3, ಸಂಜೆ
ನಾಳೆ ವಿಚಾರಣೆಯಲ್ಲಿ ನಿಜ ಹೇಳಿಬಿಡಬೇಕು ಅಂತಿದ್ದೇನೆ, ಅಣ್ಣನಿಗೆ ಅದು ಹೇಗೋ ಗೊತ್ತಾಗಿದೆ. ಡೈರಿಗೆ ಹಾಲು ಹಾಕಿ ನೇರ ನನ್ನ ಆಟೋ ಹತ್ತಿರ ಬಂದ.
“ನಂದು ಮುಗೀತಪ್ಪ. ಎರಡು ಅಸ ಇದಾವೆ, ಎಂಗೋ ಆಯ್ತದೆ. ನೀನ್ ನಾಳೆ ಬಾಯಿ ಬಿಡಬ್ಯಾಡ. ಮಾತು ಕೊಡು ಕಣ್ಲಾ.”
ಕೊಡಲಿಲ್ಲ. ಮೂವತ್ತು ವರ್ಷ ಹಿಡಿದ ಹ್ಯಾಂಡಲ್ ಬಿಟ್ಟು ಹಸು ಕಟ್ಟಿಕೊಂಡು ಕೂರುವವನೇ ಅವನು? ಸುಳ್ಳು.

ಜುಲೈ 4, ಮಧ್ಯಾಹ್ನ
ಆದದ್ದನ್ನು ಆದ ಹಾಗೇ ಬರೆಯುತ್ತೇನೆ.
ವಿಚಾರಣೆಗೆ ಪುರಸಭೆಯಲ್ಲಿ ಸ್ಟ್ಯಾಂಡಿನವರೆಲ್ಲ ಹಿಂದೆ ಕೂತಿದ್ದೆವು. ಗಿರಿ ಬಾಗಿಲ ಪಕ್ಕ, ತಲೆ ಬಗ್ಗಿಸಿಕೊಂಡು. ಸಾಹೇಬರು ಮೂರು ಕೇಸನ್ನೂ ಓದಿ, ಒಪ್ಪುತ್ತೀರಾ ಅಂದರು. ಅಣ್ಣ ಅಂದೂ ಕೋರ್ಟಿನಲ್ಲಿ ಹೀಗೇ ಕೈ ಕಟ್ಟಿ ನಿಂತಿದ್ದನೇನೋ. “ಒಪ್ತೀನಿ ಸಾಮಿ” ಅಂದ.
ನಾನು ಎದ್ದೆ. ಎರಡನೆಯದು ನನ್ನ ಸರದಿ ಸಾರ್, ನನ್ನ ಬದಲಿಗೆ ಅವರು ನಿಂತರು ಅಂದೆ. ಸರದಿ ಇಟ್ಟಿದ್ದು, ಮೂರನೆಯದೂ ಅಣ್ಣನದಲ್ಲ ಅನ್ನೋದು, ಎಲ್ಲ ಹೇಳಿದೆ, ಗಿರಿಯ ಹೆಸರೊಂದು ಬಿಟ್ಟು. ಅಣ್ಣ ನನ್ನತ್ತ ನೋಡಲೇ ಇಲ್ಲ.
ಸಾಹೇಬರು ಪೆನ್ನು ಕೆಳಗಿಟ್ಟರು. ಹಾಗಾದರೆ ಮೂರನೆಯದು ಯಾರದು ಅಂತ ಕೇಳಿದರು.
ನಾನು ಹೆಸರು ಹೇಳಬಾರದು ಅಂತ ಹಲ್ಲು ಕಚ್ಚಿ ನಿಂತೆ.
ಆಮೇಲೆ ಬಾಗಿಲ ಕಡೆ ಒಂದು ಕುರ್ಚಿ ಸರಿಯಿತು. ಹೊರಗೆ ಹೋದ ಅಂದುಕೊಂಡೆ. ತಿರುಗಿ ನೋಡಿದರೆ ಗಿರಿ ಎದ್ದು ನಿಂತಿದ್ದ, “ಮೂರನೆಯದು ನನ್ನದು ಸಾರ್” ಅಂದ.