ಹದಿನಾಲ್ಕನೆಯ ಪ್ರಶ್ನೆಗೆ ಭೀಮಣ್ಣ ಕಾಕಾನ ಉತ್ತರ

ಜನವರಿ 11, 2021. ಸೋಮವಾರ, ಮುಂಜಾನೆ 11

ಮೂರನೆಯ ಮಾಡ್ಯೂಲ್. ಕೈ ತೊಳೆಯುವುದು ಹೇಗೆ — ಇಪ್ಪತ್ತು ನಿಮಿಷ. ನೌಕರಿಯಿಂದ ಕೈ ತೊಳೆದುಕೊಳ್ಳದಿರುವುದು ಹೇಗೆ ಎಂಬ ಮಾಡ್ಯೂಲ್ ಇನ್ನೂ ಬಂದಿಲ್ಲ.

ಅಕ್ಕಲಕೋಟೆಯ ಶಾಲೆಯ ಅಂಗಳದಲ್ಲಿ ಕೊರೊನಾದಿಂದಾಗಿ ನಮ್ಮ ಬಸ್ಸು ನಿಂತು ಹತ್ತು ತಿಂಗಳು. ಆನ್‌ಲೈನ್ ತರಬೇತಿಯೂ ಅದರೊಳಗೇ. ಭೀಮಣ್ಣ ಕಾಕಾನದು ಬಟನ್ ಫೋನು. ಹಾಗಾಗಿ ನನ್ನ ಮೊಬೈಲನ್ನೇ ಸ್ಟೀರಿಂಗ್ ಮುಂದಿನ ಬೀರೋಬಾ ದೇವರ ಫೋಟೊಗೆ ಆನಿಸಿ ಇಬ್ಬರೂ ನೋಡುವುದು. ಕಾಕಾ ಡ್ರೈವರ್ ಸೀಟಿನಲ್ಲಿ, ಎರಡೂ ಕೈ ಸ್ಟೀರಿಂಗ್ ಮೇಲೆ. ಇಪ್ಪತ್ತೆರಡು ವರ್ಷ ದುಧನಿ ರೂಟಿನಲ್ಲಿ ಓಡಿಸಿದವರು, ಕೈ ಸುಮ್ಮನಿರಲೊಲ್ಲದು. ನಾನು ಬಿ.ಎ., ಸೆಕೆಂಡ್ ಕ್ಲಾಸ್. ಆರು ವರ್ಷದಿಂದ ಅದೇ ಬಸ್ಸಿನ ‘ಬಾಯಿ’ — ಮಕ್ಕಳನ್ನು ಹತ್ತಿಸುವವಳು, ಇಳಿಸುವವಳು, ವಾಂತಿಗೆ ಚೀಲ ಹಿಡಿಯುವವಳು.

ಪುಣೆಯಿಂದ ಪಾಠ ಹೇಳುವ ಪ್ರಾಜಕ್ತಾ ಮೇಡಂ ಎಲ್ಲರನ್ನೂ ಮ್ಯೂಟ್ ಮಾಡಿದರು. ನಾವು ಮೊದಲಿನಿಂದಲೂ ಮ್ಯೂಟೇ. ಈಗ ಅದಕ್ಕೊಂದು ಗುಂಡಿ ಸಿಕ್ಕಿದೆ, ಅಷ್ಟೇ.

ಜ. 15, ಶುಕ್ರವಾರ

ಸಂಕ್ರಮಣದ ಎಳ್ಳುಬೆಲ್ಲ ಬಾಯಲ್ಲಿನ್ನೂ ಇದೆ. ಒಳ್ಳೆಯ ಮಾತು ಬರುತ್ತಿಲ್ಲ.

ಪರೀಕ್ಷೆ. ನಮ್ಮಲ್ಲಿ ಪರೀಕ್ಷೆ ಎಂದರೆ ಫೋನನ್ನು ನನ್ನ, ಅಂದರೆ ಛಾಯಾನ, ಕೈಗೆ ಕೊಡುವುದು. ಉಳಿದ ಬಸ್ಸುಗಳ ಏಳು ಡ್ರೈವರ್, ಏಳು ಫೋನ್, ಒಬ್ಬಳೇ ವಿದ್ಯಾರ್ಥಿನಿ. ಏಳೂ ಪಾಸ್.

ಕಾಕಾ ಮಾತ್ರ — “ನಂದು ನಾನ ಒತ್ತತೀನಿ. ನೀ ಬರೇ ಓದಿ ಹೇಳವ್ವ.”

ಹತ್ತೊಂಬತ್ತು ಸರಿ. ಹದಿನಾಲ್ಕನೆಯದು ತಪ್ಪು. ಅದೊಂದು ತಪ್ಪಿದರೆ ಇಡೀ ಪರೀಕ್ಷೆ ಫೇಲ್.

ಪ್ರಶ್ನೆ: ಸ್ಟಾಪಿನಲ್ಲಿ ಒಂಟಿ ಮಗುವಿಗೆ ಜ್ವರವಿದೆ. ಅ) ಹತ್ತಿಸದೆ, ಆಫೀಸಿಗೆ ತಿಳಿಸಿ, ಸಮಯಕ್ಕೆ ಸರಿಯಾಗಿ ಮುಂದೆ ಹೊರಡುವುದು. ಆ) ಹತ್ತಿಸದೆ, ಮನೆಯವರು ಬರುವ ತನಕ ಕಾಯುವುದು.

ಕಾಕಾ ‘ಆ’ ಒತ್ತಿದರು. ಎರಡನೆಯ ಸಲವೂ ‘ಆ’.

“ಕಾಕಾ, ‘ಅ’ ಒತ್ರಿ. ಯಂತ್ರಕ್ಕ ಅದೇ ಬೇಕು.”

“ಯಂತ್ರ ಎಂದಾರ ದುಧನಿ ರೋಡಿಗೆ ಬಂದಾದೇನ? ಕೂಸು ಏನ್ ಪೋಷ್ಟಿನ ಪತ್ರ ಅಲ್ಲ, ಡಬ್ಬಿಗಿ ಹಾಕಿ ಹೋಗಾಕ.”

ನಮ್ಮ ಬಸ್ಸಿನ ರೀತಿ ಅದು: ಮಗುವಿನ ಕೈ ಮನೆಯವರ ಕೈಗೆ ಹೋಗುವ ತನಕ ಗಾಡಿ ಹೊರಡುವುದಿಲ್ಲ. ತಡಮಾಡಿದವರಿಗೆ ಮೂರು ಉದ್ದನೆಯ ಹಾರ್ನ್. ಸುತ್ತಲಿನ ಹೊಲಗಳಿಗೆಲ್ಲ ಆ ಕೂಗು ಗೊತ್ತು.

ಇನ್ನೊಂದೇ ಅವಕಾಶ ಉಳಿದಿದೆ. ಕಾಕಾ ಚಾಲಕ ಸರಿ, ಚಾಲಾಕು ಅಲ್ಲ.

ಜ. 20

ಉದಯಕುಮಾರ ಸಾಹೇಬರು ಸೊಲ್ಲಾಪುರದಿಂದ ಬಂದಿದ್ದರು. ಶಾಲೆಯ ಬಸ್ಸುಗಳ ಉಸ್ತುವಾರಿ ಅವರದು. ಚಾದರ ವ್ಯಾಪಾರದ ಮನೆತನ. ಚಾದರ ಇದ್ದಷ್ಟೇ ಕಾಲು ಚಾಚು ಎಂದು ನಮಗೆ ಹೇಳುವುದು ಹುಟ್ಟುಗುಣ.

“ಭೀಮಣ್ಣ, ಒಂದ ಟಿಕ್ ಅಲ್ಲೇನ್ರಿ? ಮಾಡ್ರಿ, ಝಾಲಂ, ಮುಗೀತು.”

“ಸುಳ್ಳ ಟಿಕ್ ಆಕ್ಕೈತ್ರಿ ಸಾಹೇಬ್ರ.”

“ಪರೀಕ್ಷಾದಾಗ ಖರೇ ಯಾರ್ ಬರೀತಾರೋ ಮಾರಾಯಾ! ಶನಿವಾರದೊಳಗ ಸರ್ಟಿಫಿಕೇಟ್ ಬರ್ಲಿಲ್ಲಂದ್ರ 27ಕ್ಕ ಸಾಲಿ ತೆರದಾಗ ಕಾಂಟ್ರಾಕ್ಟ್ ಗಾಡಿ ಬರ್ತದ. ನೀವು ಮನ್ಯಾಗ ಕುಂದರ್ರಿ.”

ಸಂಜೆ, ಕೊನೆಯ ಅವಕಾಶ. ಕಾಕಾನ ಹೆಸರಿನಲ್ಲಿ ನಾನೇ ‘ಅ’ ಒತ್ತಿದೆ. ಕೇಳಲಿಲ್ಲ. ಪಾಸ್.

ಇವತ್ತು ಒಂದು ನಗೆಮಾತೂ ಹೊಳೆಯುತ್ತಿಲ್ಲ…

ಜ. 23, ಶನಿವಾರ

ಪ್ರಿಂಟ್ ತೆಗೆಸಿ ಕೊಟ್ಟೆ. ಕಾಕಾ ತಿರುಗಿಸಿ ಮುರುಗಿಸಿ ನೋಡಿದರು.

“ಹೆಸರ ನಂದು. ಉತ್ತರ ಯಾರದವ್ವ?”

ಒಪ್ಪಿಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. “ಹಿಂದ ಖಾಲಿ ಐತಿ. ನಾ ಹೇಳಿದ್ದ ಬರಿ,” ಎಂದರು.

ಬರೆದೆ: ‘ಜ್ವರ ಇದ್ದ ಕೂಸ್ನ ಗಾಡಿ ಹತ್ತಸಂಗಿಲ್ಲ. ಮನ್ಯಾವ್ರ ಬರೂತನಾ ಗಾಡಿ ಹೊರಡಸಂಗಿಲ್ಲ.’ ಕೆಳಗೆ ಕಾಕಾನ ಸಹಿ. ಪೆನ್ನನ್ನು ಬಸ್ಸಿನ ಗೇರಿನಂತೆ ಹಿಡಿದು, ಒಂದೊಂದೇ ಅಕ್ಷರ. ಅದರ ಕೆಳಗೆ ನನ್ನದೂ — ಹಾಕಿಬಿಟ್ಟೆ! ಹಿಂಬದಿಯನ್ನೇ ಮುಂದೆ ಮಾಡಿ ಬಸ್ಸಿನ ಗಾಜಿಗೆ ಅಂಟಿಸಿದೆವು. ಫೋಟೊ ತೆಗೆದು ಸಾಹೇಬರ ವಾಟ್ಸಾಪಿಗೆ.

ಹತ್ತು ನಿಮಿಷಕ್ಕೆ ಉತ್ತರ: ಜಿಪಿಎಸ್ ನೋಡುತ್ತಿರುತ್ತೇನೆ. ಒಂದು ಸ್ಟಾಪಿಗೆ ಎರಡು ನಿಮಿಷ. ಮೀರಿದರೆ ಇಬ್ಬರೂ ಮನೆಗೆ.

ಜ. 27, ಬುಧವಾರ, ಮುಂಜಾನೆ 8:25

ಮೊದಲ ದಿನವೇ. ಸ್ಟಾಪಿನಲ್ಲೇ ಬರೆಯುತ್ತಿದ್ದೇನೆ.

ಆರನೆಯ ವರ್ಗದ ಮಯೂರಿ. ಒಬ್ಬಳೇ ನಿಂತಿದ್ದಳು. ಮಾಸ್ಕಿನ ಮೇಲೆ ಎರಡು ಕೆಂಪು ಕಣ್ಣು. ಹಣೆಗೆ ಜ್ವರ ನೋಡುವ ಗನ್ ಹಿಡಿದೆ — 101.

“ಮನ್ಯಾಗ ಯಾರದಾರವ್ವ?”

“ಯಾರಿಲ್ರಿ ಬಾಯಿ. ಅವ್ವ-ಅಪ್ಪ ಕಬ್ಬ ಕಡ್ಯಾಕ ಹೋಗ್ಯಾರ. ಹಣಮವ್ವಜ್ಜಿ ಕುರಿ ಹೊಡ್ಕೊಂಡ ಹಳ್ಳಕ್ಕ ಹೋಗ್ಯಾಳ. ನಾ ಇಲ್ಲೇ ಕುಂದರ್ತೀನಿ… ನೀವ ಹೋಗ್ರಿ.”

ನೀವು ಹೋಗಿ! ಹನ್ನೊಂದು ವರ್ಷದ ಮಗುವಿಗೂ ಯಂತ್ರದ ಉತ್ತರ ಗೊತ್ತಿದೆ.

ಕಾಕಾ ಎಂಜಿನ್ ಆರಿಸಿ, ಚಾವಿ ಜೇಬಿಗೆ ಹಾಕಿದರು. ಮೂರು ಉದ್ದನೆಯ ಹಾರ್ನ್. ಇಲ್ಲಿದ್ದ ಬೇವಿನ ಮರವನ್ನು ರಸ್ತೆ ಅಗಲ ಮಾಡುವಾಗ ಕಡಿದಿದ್ದಾರೆ. ಇರುವ ನೆರಳು ಬಸ್ಸಿನದು ಮತ್ತು ಈ ಛಾಯಾನದು. ಮಯೂರಿ ಕಲ್ಲಿನ ಮೇಲೆ, ನಾನು ಆರು ಅಡಿ ದೂರ.

8:34. ಸಾಹೇಬರ ಫೋನು.

“ಯಾಕ ನಿಂತೀರಿ? ಗಾಡಿ ಬಿಡ್ರಿ!”

“ಕೂಸಿಗಿ ಜ್ವರ ಬಂದಾವ್ರಿ.”

“ಅದಕ್ಕ ಉತ್ತರ ಟ್ರೇನಿಂಗ್‌ನ್ಯಾಗ ಹೇಳ್ಯಾರಲ್ಲ!”

“ನಮ್ಮ ಉತ್ತರ ನಿಮಗ ಶನಿವಾರನ ಕಳಿಸೀವಲ್ರಿ.”

ಇಟ್ಟೆ. ಮತ್ತೆ ರಿಂಗ್. ಮತ್ತೆ. ಮ್ಯೂಟ್ ಮಾಡಿದೆ — ಆ ಗುಂಡಿ ನನ್ನ ಫೋನಿನಲ್ಲೂ ಇದೆ ಎಂದು ಇವತ್ತೇ ತಿಳಿಯಿತು.

ಬಸ್ಸಿನ ಕಿಟಕಿಯಿಂದ ಮಕ್ಕಳೂ ಶುರು ಮಾಡಿದ್ದಾರೆ, ಮಾಸ್ಕಿನೊಳಗಿಂದಲೇ — “ಹಣಮವ್ವಾ! ಏ ಹಣಮವ್ವಜ್ಜೀ!”

8:51. ಹಳ್ಳದ ಕಡೆ ಧೂಳು. ಮೊದಲು ಕುರಿ. ಹಿಂದೆ ಸೀರೆ ಎತ್ತಿ ಕಟ್ಟಿ ಓಡುತ್ತಿರುವ ಮುದುಕಿ. ಕಾಕಾ ಇನ್ನೊಂದು ಹಾರ್ನ್ ಹೊಡೆದರು — ಇದು ಕರೆಯಲಿಕ್ಕಲ್ಲ. ಮಯೂರಿ ಎದ್ದು ನಿಂತಳು. ಸಾಕು ಬರೆದದ್ದು, ಮಗುವನ್ನು ಅಜ್ಜಿಯ ಕೈಗೆ ಕೊಟ್ಟು ಬರಬೇಕು —