ಮೀಟಿಂಗ್ ದಿನ ನೀರು ಕುಡೀಬೇಡ

ಮನೆ, ಅಡುಗೆಮನೆಯ ಮೇಜು
ಎಂಟನೇ ತಾರೀಖು, ಸೋಮವಾರ ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ,

ನೀವು ಇನ್ನೊಮ್ಮೆ ಅಜ್ಜಿಯಾಗುತ್ತಿದ್ದೀರಿ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಟ್ಟೆ, ಯಾಕೆಂದರೆ ನನ್ನ ಹೊಟ್ಟೆಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲ ಎಂದು ನೀವೇ ಹೇಳುತ್ತಿದ್ದಿರಿ. ಮಾತು ನಿಲ್ಲದ ಹೊಟ್ಟೆಯಲ್ಲಿ ಮಗು ನಿಂತಿದೆ ನೋಡಿ. ಸದ್ಯಕ್ಕೆ ಇದು ಗೊತ್ತಿರುವುದು ಡಾಕ್ಟರಿಗೆ, ನನಗೆ, ನಿಮ್ಮ ಮಗನಿಗೆ, ಈಗ ನಿಮಗೆ. ಮಾವನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಸಂಜೆಯೊಳಗೆ ಇಡೀ ವಾರ್ಡಿಗೆ ಮೈಕಿನಲ್ಲಿ ಸಾರಿಬಿಡುತ್ತಾರೆ. ನಿಮ್ಮ ಮಗ ಯಾರಿಗೂ ಬಾಯಿ ಬಿಟ್ಟಿಲ್ಲ, ಆದರೆ ಗೋಡೆ ನೋಡಿಕೊಂಡು ನಗುತ್ತಾರೆ. ನಿನ್ನೆ ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಮಾವನ ಚಪ್ಪಲಿ ಹಾಕಿಕೊಂಡು ಅಂಗಡಿಗೆ ಹೋಗಿಬಂದರು. ನನಗೆ ಎಷ್ಟು ಖುಷಿ ಎಂದರೆ ಅದನ್ನು ಅನುಭವಿಸಲು ಮೈಯಲ್ಲಿ ಶಕ್ತಿ ಉಳಿದಿಲ್ಲ, ಅಷ್ಟೇ.

ನಿಮ್ಮ ಆರೋಗ್ಯ ಹೇಗಿದೆ? ಕಿಡ್ನಿಯ ಕಲ್ಲು ತೆಗೆದ ಗಾಯ ಪೂರ್ತಿ ಮಾಯಿತೇ? ಗೇಟಿನವರೆಗೆ ನಡೆದು ಬರುತ್ತಿದ್ದೀರಿ, ಸಣ್ಣ ಪ್ರಯಾಣಕ್ಕೆ ಡಾಕ್ಟರು ಒಪ್ಪಿದ್ದಾರೆ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ಡಾಕ್ಟರು ಆ ಕಲ್ಲನ್ನು ಪುಟ್ಟ ಸೀಸೆಯಲ್ಲಿ ಹಾಕಿ ಕೊಟ್ಟಾಗ ನೀವು "ಏನು ಮಾಡ್ಲಿ ಇದನ್ನ, ಉಂಗುರಕ್ಕೆ ಕೂರಿಸ್ಲಾ" ಎಂದು ಕೇಳಿದಿರಂತೆ. ಅದನ್ನು ಕೇಳಿ ನಾವಿಬ್ಬರೂ ಬಹಳ ಹೊತ್ತು ನಕ್ಕೆವು. ಅತ್ತಿಗೆ ಗಂಟೆಗೊಂದು ಲೋಟ ನೀರು ಹಿಡಿದುಕೊಂಡು ನಿಮ್ಮ ಹಿಂದೆ ಓಡಾಡುತ್ತಾರಂತೆ. ಓಡಾಡಲಿ, ಬಿಡಬೇಡಿ, ಕುಡಿಯಿರಿ. ನೀರಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಫೋನು ಬಿಟ್ಟು ಕಾಗದ ಬರೆಯುತ್ತಿರುವುದೂ ಅದಕ್ಕೇ. ಫೋನ್ ಮಾಡಿದರೆ ಮಾವ ಪಕ್ಕದಲ್ಲೇ ಕೂತು, ಎರಡು ಮಾತಾಗುವಷ್ಟರಲ್ಲಿ "ಕೊಡಿಲ್ಲಿ" ಎಂದು ಕಿತ್ತುಕೊಂಡು, "ಊಟ ಆಯ್ತಾ, ಸರಿ, ಇಡ್ತೀನಿ" ಎನ್ನುತ್ತಾರೆ. ಇಟ್ಟ ಮೇಲೆ ಅರ್ಧ ಗಂಟೆ ಕಿಟಕಿಯಲ್ಲಿ ನಿಂತಿರುತ್ತಾರೆ. ನೀವು ಹೋದಾಗಿನಿಂದ ಅವರಿಗೂ ಮನೆ ಹಿಡಿಸುತ್ತಿಲ್ಲ.

ಕಾಗುಣಿತದ ತಪ್ಪಿದ್ದರೆ ನಗಬೇಡಿ. ಇಂಗ್ಲಿಷ್ ಶಾಲೆಯ ಸೊಸೆ ನಾನು; ಯಾವ ಅಕ್ಷರಕ್ಕೆ ಬಾಲ ಬೇಕು, ಯಾವುದರ ಹೊಟ್ಟೆ ಸೀಳಬೇಕು ಎಂದು ಈಗಲೂ ನಿಮ್ಮನ್ನು ನೆನೆಸಿಕೊಂಡೇ ಬರೆಯುವುದು.

ಸುಸ್ತಾಗಿದೆ ಅತ್ತೆ. ಬಸುರಿನ ಸುಸ್ತು ಯಾವುದು, ಪುರಸಭೆಯ ಸುಸ್ತು ಯಾವುದು ಎಂದು ಬಿಡಿಸಿ ಹೇಳಲಾರೆ. ಬೆಳಿಗ್ಗೆ ಹಾಲು ಕಾಯುವ ಮೊದಲೇ ಬಾಗಿಲಲ್ಲಿ ಜನ. "ಮೆಂಬರ್ ಇದ್ದಾರಾ?" ನಾನೇ ಎಂದರೆ, "ಅಲ್ಲಮ್ಮ, ದೊಡ್ಡವರು." ದೊಡ್ಡವರು ಹೊರಗೆ ಬಂದು ಕುರ್ಚಿ ಎಳೆದು ಕೂರುತ್ತಾರೆ, ನಾನು ಟೀ ತರುತ್ತೇನೆ. ಗೆದ್ದ ದಿನ ಹೂಗುಚ್ಛಗಳೆಲ್ಲ ಮಾವನ ಕೈಗೇ ಹೋದವು. ಹಿಡಿದು ಹಿಡಿದು ಅವರ ಕೈ ನೋಯತೊಡಗಿದಾಗ ಒಂದೊಂದಾಗಿ ನನಗೆ ದಾಟಿಸಿದರು. ಆವತ್ತು ಇದೆಲ್ಲ ತಮಾಷೆಯಾಗಿತ್ತು. ಮದುವೆಯಾಗಿ ನಾಲ್ಕು ತಿಂಗಳಿಗೆ ಮೆಂಬರ್ ಆದವಳು ಬೇರೆ ಯಾರಿದ್ದಾರೆ ಎಂದು ಗೆಳತಿಯರಿಗೆಲ್ಲ ಕೊಚ್ಚಿಕೊಂಡಿದ್ದೆ. ಮಾವ ಮೂರು ಸಲ ಗೆದ್ದ ವಾರ್ಡು ಹೆಂಗಸರಿಗೆ ಮೀಸಲಾಯಿತೆಂದು ನಿಮ್ಮನ್ನು ನಿಲ್ಲಿಸಿದರು. ಐದು ವರ್ಷ ಕಳೆದು ಮತ್ತೆ ಹೆಂಗಸರಿಗೇ ಬಂದಾಗ ನೀವು ಕೈಮುಗಿದು ಮಗಳ ಮನೆಗೆ ಹೊರಟುಬಿಟ್ಟಿರಿ. ಮನೆಯಲ್ಲಿ ಹೊಸ ಸೊಸೆ ಸಿಕ್ಕಳು. ಅಷ್ಟು ಸುಲಭ. ಆದರೆ ರೈಲು ಹೊರಡುವಾಗ ನೀವು ಕಿಟಕಿಯಿಂದ ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ಮೀಟಿಂಗ್ ದಿನ ನೀರು ಕುಡೀಬೇಡಮ್ಮ." ಧ್ವನಿಗೆ ಸಂಬಂಧಪಟ್ಟ ಏನೋ ಗುಟ್ಟು, ತಣ್ಣೀರು ಕುಡಿದರೆ ಗಂಟಲು ಒಡೆಯುತ್ತದೇನೋ ಅಂದುಕೊಂಡೆ. ದಡ್ಡಿ.

ಕಳೆದ ವಾರ ಮೊದಲ ಮೀಟಿಂಗ್ ಆಯಿತು. ಹೊಸದಾಗಿ ಬಂದಿರುವ ಅಧಿಕಾರಿ ಸದಸ್ಯರ ಮನೆಯವರು ಯಾರೂ ಸಭೆಯ ಹಾಲಿನೊಳಗೆ ಕೂರುವಂತಿಲ್ಲ ಎಂದು ಆಜ್ಞೆ ಮಾಡಿದ್ದಾರೆ. ನಿಮ್ಮ ಕಾಲದಲ್ಲಿ ಮಾವ ನಿಮ್ಮ ಬೆನ್ನ ಹಿಂದೆಯೇ ಕುರ್ಚಿ ಹಾಕಿಕೊಂಡು, ಕೈ ಎತ್ತಬೇಕಾದಾಗ ನಿಮ್ಮ ಕುರ್ಚಿಯ ಕಾಲನ್ನು ಒದೆಯುತ್ತಿದ್ದರಂತಲ್ಲ. ಈಗ ಅದಿಲ್ಲ ಎಂದು ನನಗೆ ಕುಣಿಯುವಷ್ಟು ಸಂತೋಷ. ಡಾಕ್ಟರು ಚೆನ್ನಾಗಿ ನೀರು ಕುಡಿಯಿರಿ ಎಂದಿದ್ದರಲ್ಲ, ಬೆಳಿಗ್ಗೆ ಒಂದು ಬಾಟಲಿ ಮುಗಿಸಿದೆ, ಮೇಲೊಂದು ಟೀ. ನಾವು ನಾಲ್ಕು ಜನ ಹೆಂಗಸರು ಕಡೆಯ ಸಾಲಿನಲ್ಲಿ ಕೂತೆವು. ನನ್ನ ಪಕ್ಕದಲ್ಲಿ ಟೈಲರ್ ಅಕ್ಕ, ನಿಮ್ಮ ಪಕ್ಕದಲ್ಲೂ ಐದು ವರ್ಷ ಕೂತವರು. ಅವರ ಮುಂದಿನ ಟೀ ಹಾಗೇ ಕೆನೆ ಕಟ್ಟಿತು. ನಾನು ಲೋಟ ಎತ್ತಿದಾಗಲೆಲ್ಲ ನನ್ನನ್ನು ಒಂದು ಥರ ನೋಡುತ್ತಿದ್ದರು.

ಬೇಕರಿಯ ಹಿಂದಿನ ಓಣಿಯ ಚರಂಡಿ ನಿಮಗೆ ಗೊತ್ತು. ಮುಚ್ಚಿದ್ದ ಚಪ್ಪಡಿ ಮುರಿದು, ಬೇಕರಿಯಮ್ಮನ ಮಗಳು ಅದರಲ್ಲಿ ಬಿದ್ದು ಹಲ್ಲು ಮುರಿದುಕೊಂಡಳು. ಆ ಮನೆಗೆ ಹೋಗಿ ನಾನೇ ಮಾತು ಕೊಟ್ಟು ಬಂದಿದ್ದೆ. ಆವತ್ತಿನ ಸಭೆಯಲ್ಲಿ ಅದು ನನ್ನ ವಿಷಯ, ಊಟಕ್ಕೆ ಮುಂಚೆ ಬರಬೇಕಿತ್ತು. ಆದರೆ ಅಷ್ಟರಲ್ಲಿ ನನ್ನ ಸ್ಥಿತಿ ಹೇಗಾಗಿತ್ತೆಂದರೆ ಯಾರು ಏನು ಮಾತಾಡುತ್ತಿದ್ದಾರೆಂದು ಕಿವಿಗೆ ಬೀಳುತ್ತಿರಲಿಲ್ಲ. ಮೆಲ್ಲಗೆ ಎದ್ದು ಬಾಗಿಲಲ್ಲಿದ್ದ ಗುಮಾಸ್ತರನ್ನು ಕೇಳಿದೆ, "ಸರ್, ರೆಸ್ಟ್ ರೂಮ್ ಎಲ್ಲಿದೆ?" ಅವರು ಬಹಳ ಮರ್ಯಾದೆಯಿಂದ "ಬನ್ನಿ ಮೇಡಂ" ಎಂದು ಉದ್ದದ ಪಡಸಾಲೆ ದಾಟಿಸಿ ಒಂದು ಬಾಗಿಲು ತೆಗೆದರು. ಒಳಗೆ ಸೋಫಾ, ಫ್ಯಾನು, ಟೀವಿ. ಮಾವ ಶೂ ಬಿಚ್ಚಿ ಕಾಲು ಚಾಚಿದ್ದಾರೆ. ಟೈಲರ್ ಅಕ್ಕನ ಯಜಮಾನರು ಪೇಪರು ಓದುತ್ತಿದ್ದಾರೆ. ಉಳಿದಿಬ್ಬರು ಹೆಂಗಸರ ಗಂಡಂದಿರೂ ಇದ್ದಾರೆ. ನಿಮ್ಮ ಮಗ ಟೀ ಬಗ್ಗಿಸುತ್ತಿದ್ದಾರೆ. ನನ್ನನ್ನು ಕಂಡು ಎಲ್ಲರೂ ಎದ್ದು ನಿಂತರು. ಮಾವ ಸೋಫಾ ತಟ್ಟಿ, "ಬಾಮ್ಮ, ಸುಸ್ತಾಯ್ತಾ? ಕೂತ್ಕೋ, ರೆಸ್ಟ್ ತಗೋ" ಎಂದರು. ನಾನು ಏನು ಹೇಳಲಿ ಅತ್ತೆ? "ಸುಮ್ನೆ ನೋಡೋಣ ಅಂತ ಬಂದೆ" ಎಂದು ಹಲ್ಲು ಕಿರಿದು ಹೊರಗೆ ಬಂದೆ. ಗುಮಾಸ್ತರನ್ನು ಇನ್ನೊಮ್ಮೆ ಕೇಳಿದರೆ ಅವರು ಬೆಪ್ಪಾಗಿ, "ರೆಸ್ಟ್ ರೂಮ್ ಇದೇ ಅಲ್ವಾ ಮೇಡಂ, ನಿಮ್ಮನೆಯವ್ರೆಲ್ಲ ಇಲ್ಲೇ ರೆಸ್ಟ್ ತಗೊಳ್ತಿದ್ದಾರಲ್ಲ" ಎಂದರು.

ಹೆಂಗಸರಿಗೆ ಆ ಕಟ್ಟಡದಲ್ಲಿ ಅದಕ್ಕೊಂದು ಜಾಗವೇ ಇಲ್ಲ. ಕಡೆಗೆ ರಸ್ತೆ ದಾಟಿ ಜೆರಾಕ್ಸ್ ಅಂಗಡಿಯವರ ಮನೆಗೆ ಓಡಿದೆ. ಆ ಮನೆಯಾಕೆ ಏನೂ ಕೇಳದೆ ಹಿತ್ತಲಿನ ಬಾಗಿಲು ತೋರಿಸಿದರು. ಅವರಿಗೆ ಅಭ್ಯಾಸವಂತೆ, "ಆ ಕಟ್ಟಡದಿಂದ ಓಡಿ ಬರೋ ಹೆಂಗಸ್ರನ್ನ ಮುಖ ನೋಡಿದ್ರೇ ಗೊತ್ತಾಗತ್ತೆ" ಎಂದರು. ವಾಪಸು ಬಂದು ಕೂರುವಷ್ಟರಲ್ಲಿ ಚರಂಡಿಯ ವಿಷಯ ಬಂದು ಹೋಗಿತ್ತು. ಸದಸ್ಯೆ ಹಾಜರಿಲ್ಲ ಎಂದು ಕೈಬಿಟ್ಟರಂತೆ. ಅಧ್ಯಕ್ಷರು ನನ್ನ ಕಡೆ ನೋಡಿ, "ಏನಮ್ಮ, ಮೊದಲ್ನೇ ದಿನಾನೇ ಬೋರಾಯ್ತಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಜೆ ಬೇಕರಿಯ ಮುಂದೆ ಹಾಯಲು ಮುಖವಿಲ್ಲದೆ ಸುತ್ತು ಬಳಸಿ ಮನೆಗೆ ಬಂದೆ. ಈಗಲೂ ಹಾಗೇ ಬರುತ್ತಿದ್ದೇನೆ.

ಮರುದಿನ ರವಿಕೆ ಸಡಿಲ ಮಾಡಿಸುವ ನೆಪದಲ್ಲಿ ಟೈಲರ್ ಅಕ್ಕನ ಅಂಗಡಿಗೆ ಹೋದೆ. ಟೇಪು ಹಿಡಿದವರಿಗೆ ಏನೂ ಮುಚ್ಚಿಡಲಾಗುವುದಿಲ್ಲ, "ಎಷ್ಟನೇ ತಿಂಗಳು?" ಎಂದೇ ಮಾತು ಶುರು ಮಾಡಿದರು. ಹಾಗಾಗಿ ಮೇಲೆ ಬರೆದ ಲೆಕ್ಕಕ್ಕೆ ಒಬ್ಬರನ್ನು ಸೇರಿಸಿಕೊಳ್ಳಿ. ಆ ಕೋಣೆಯ ಕಥೆ ಹೇಳಿದ್ದು ಅವರೇ. ಐದು ವರ್ಷದಲ್ಲಿ ನೀವು ಎದ್ದು ನಿಂತದ್ದು ಒಂದೇ ಸಲ. ಹಿಂದಿನ ರಾತ್ರಿಯೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಿರಂತೆ, ಆದರೆ ಅಷ್ಟು ಜನ ಗಂಡಸರು ಒಟ್ಟಿಗೆ ತಿರುಗಿ ನೋಡಿದಾಗ ಆ ಪದ ಬಾಯಿಗೆ ಬರದೆ, "ಹೆಂಗಸರಿಗೆ ಒಂದು ರೂಮು ಬೇಕು" ಎಂದು ಕೂತುಬಿಟ್ಟಿರಂತೆ. ಎಲ್ಲರೂ ಮೇಜು ತಟ್ಟಿದರಂತೆ. ರೂಮು ಬಂತು. ಉದ್ಘಾಟನೆಯ ದಿನ ನೀವಿಬ್ಬರೂ ಗೋಡೆ ಸವರಿಕೊಂಡು ಒಳಗೆ ಇನ್ನೊಂದು ಬಾಗಿಲಿದೆಯೇ ಎಂದು ಹುಡುಕಿದಿರಂತೆ. "ನಿನ್ನತ್ತೆ ಕರ್ಟನ್ ಹಿಂದೇನೂ ನೋಡಿದ್ಲು ಕಣೆ," ಎಂದು ಅಕ್ಕ ಬಾಯಿಂದ ಗುಂಡುಸೂಜಿ ತೆಗೆದು ನಕ್ಕರು. "ನಾನಾದ್ರೂ ಹೇಳ್ಬೋದಿತ್ತು. ನನ್ನ ಬಾಯಿಗೂ ಬರ್ಲಿಲ್ಲ. ಮೊದಮೊದಲು ನಾವು ಕೂತ್ವಿ. ಆಮೇಲೆ ನಮ್ಮೆಜಮಾನ್ರು ಛತ್ರಿ ಇಡೋಕೆ ಅಂತ ಬಂದ್ರು, ಮೇಲೇಳಲೇ ಇಲ್ಲ."

ಅಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆ, ಮನೆಗೆ ಬಂದು ಅತ್ತುಬಿಟ್ಟೆ. ಇಷ್ಟು ವರ್ಷ ಇಂಗ್ಲಿಷಿನಲ್ಲಿ ಓದಿ ನಾನು ಕೇಳಿದ್ದೂ ರೂಮನ್ನೇ ಅಲ್ಲವೇ. ಆಮೇಲೆ ಪುಟ್ಟ ಸೀಸೆಯೊಳಗಿನ ಕಲ್ಲು ನೆನಪಾಯಿತು. ನಾನು ಡಾಕ್ಟರಲ್ಲ, ಅದಕ್ಕೆ ನೂರು ಕಾರಣ ಇರಬಹುದು. ಆದರೂ ಐದು ವರ್ಷ ಮೀಟಿಂಗಿನ ದಿನ, ವಾರ್ಡು ಸುತ್ತುವ ದಿನ, ಕಚೇರಿಯಲ್ಲಿ ಕಾಯುವ ದಿನ ಬೆಳಗಿನಿಂದ ತುಟಿ ಒಣಗಿಸಿಕೊಂಡು ಕೂತಿದ್ದಿರಿ. ಅದನ್ನು ಯಾರಿಗೂ ಹೇಳಲಿಲ್ಲ, ರೈಲಿನ ಕಿಟಕಿಯಲ್ಲಿ ನನಗೊಬ್ಬಳಿಗೆ ಹೇಳಿದಿರಿ, ನನಗೆ ಅರ್ಥವಾಗಲಿಲ್ಲ.

ಇನ್ನು ಮುಂದಿನ ವಾರದ ಕಥೆ ಕೇಳಿ. ಹದಿನೇಳನೇ ತಾರೀಖು, ಬುಧವಾರ ಮತ್ತೆ ಮೀಟಿಂಗ್. ಮೊದಲ ಸಲ ನನಗೆ ಅವಮಾನವಾಯಿತೆಂದು ಮಾವ ಅಧ್ಯಕ್ಷರಿಗೆ ಹೇಳಿ ಒಂದು ಠರಾವು ಹಾಕಿಸಿದ್ದಾರೆ, ಅದನ್ನು ಮಂಡಿಸುವವಳು ನಾನು. ಆ ರೂಮಿಗೆ ಹೊಸ ಸೋಫಾ, ಬಾಗಿಲ ಮೇಲೆ 'ಸದಸ್ಯರ ಕುಟುಂಬದವರ ವಿಶ್ರಾಂತಿ ಕೊಠಡಿ' ಎಂಬ ಬೋರ್ಡು, ಕೆಳಗೆ ನಿಮ್ಮ ಹೆಸರು. "ಎರಡೇ ಸಾಲು, ನಿಂತು ಓದಿದ್ರೆ ಸಾಕು, ಎಲ್ರೂ ಒಪ್ಕೊಂಡಿದ್ದಾರೆ" ಎಂದರು. ಆಮೇಲೆ ಊಟದ ತಟ್ಟೆಯ ಮೇಲಿನ ಕೈ ಹಾಗೇ ನಿಲ್ಲಿಸಿ, "ಅವಳು ಐದು ವರ್ಷದಲ್ಲಿ ಕೇಳಿದ್ದು ಅದೊಂದೇ. ಅದನ್ನ ನಾನು ಬಿಡದೆ ಮಾಡಿಸ್ಕೊಟ್ಟೆ" ಎಂದರು. ಊಟ ಬಿಟ್ಟೆದ್ದು ಕಿಟಕಿಯಲ್ಲಿ ನಿಂತರು. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಆ ಬೋರ್ಡು ಏರಿತೆಂದರೆ ಇನ್ನು ಅಲ್ಲಿ ಬೇರೆ ಏನೂ ಬರುವುದಿಲ್ಲ. ಆ ಕಟ್ಟಡದಲ್ಲಿ ಉಳಿದಿರುವ ಜಾಗ ಅದೊಂದೇ.

ನಿಮ್ಮ ಮಗನಿಗೆ ಎಲ್ಲ ಹೇಳಿದೆ. ಕಿವಿಯವರೆಗೆ ಕೆಂಪಾಗಿ, "ಅಪ್ಪನ ಎದುರಿಗೆ ಆ ಪದ ಹೇಳ್ತೀಯಾ?" ಎಂದರು. ಆಮೇಲೆ ಎದ್ದುಹೋಗಿ ಒಂದು ಲೋಟ ನೀರು ತಂದು ಕೊಟ್ಟರು. ಅಪ್ಪನ ಮಾತು ತೆಗೆದುಹಾಕುವವರಲ್ಲ, ಆದರೆ ಬುಧವಾರ ಆ ರೂಮಿನಲ್ಲಿ ಕೂರುವುದಿಲ್ಲವಂತೆ, ಮೆಟ್ಟಿಲ ಮೇಲೆ ನಿಂತಿರುತ್ತಾರಂತೆ. ಇವರಿಂದ ಇಷ್ಟು ಬಂದದ್ದೇ ಹೆಚ್ಚು, ಅದಕ್ಕೇ ಇವರನ್ನು ಕಂಡರೆ ನನಗೆ ಪ್ರಾಣ. ನಾನೀಗ ದಿನಾ ಪದ ಅಭ್ಯಾಸ ಮಾಡುತ್ತಿದ್ದೇನೆ. 'ಶೌಚಾಲಯ' ಎಂದರೆ ಗೋಡೆಯ ಮೇಲಿನ ಜಾಹೀರಾತು ಓದಿದ ಹಾಗಾಗುತ್ತದೆ, ಯಾರ ಮೈಗೂ ತಾಗುವುದಿಲ್ಲ. 'ಕಕ್ಕಸು' ಎಂದು ಇವತ್ತು ಬೆಳಿಗ್ಗೆ ಕುಕ್ಕರಿನ ಮುಂದೆ ನಿಂತು ಗಟ್ಟಿಯಾಗಿ ಹೇಳಿದೆ. ಹೇಳುವುದಕ್ಕೂ ಅದು ಕೂಗುವುದಕ್ಕೂ ಸರಿಹೋಯಿತು. ಮಾವ ಹೊರಗಿನಿಂದ "ಏನಮ್ಮ?" ಎಂದರು. "ಏನಿಲ್ಲ ಮಾವ, ಆಗ್ತಾ ಬಂತು" ಎಂದೆ.

ಅತ್ತಿಗೆಗೂ ಮಕ್ಕಳಿಗೂ ನನ್ನ ನೆನಪುಗಳು. ಮಕ್ಕಳಿಗೆ ಒಂದೊಂದು ಮುತ್ತು ನನ್ನ ಲೆಕ್ಕದಲ್ಲಿ ಕೊಡಿ. ನಿಮ್ಮ ಕಾಲ ಬಳಿ ಕೂತು ತಲೆ ಬಾಚಿಸಿಕೊಳ್ಳಬೇಕು ಎಂದು ಬಹಳ ಅನ್ನಿಸುತ್ತಿದೆ. ನಿಮ್ಮ ಆಶೀರ್ವಾದ ಈ ಸಲ ಇಬ್ಬರಿಗೆ ಸಾಲುವಷ್ಟು ಇರಲಿ.

ನಿಮ್ಮ ಮುದ್ದಿನ,
ಇಂಗ್ಲಿಷ್ ಸೊಸೆ

ಮರೆತದ್ದು: ಅಲ್ಲ, ಮರೆತಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ಬುಧವಾರ ನಾನು ಆ ಎರಡು ಸಾಲು ಓದುವುದಿಲ್ಲ. ಓದಲೇಬೇಕಾ ಎಂದಿದ್ದಕ್ಕೆ ಮಾವ ಮೊದಲೇ ಹೇಳಿಟ್ಟಿದ್ದಾರೆ, "ನಿನ್ನತ್ತೆ ಕೇಳಿದ್ದೇ ಈ ರೂಮು, ಬೇಕಾದ್ರೆ ಅವಳನ್ನೇ ಕೇಳು" ಅಂತ. ಅದಕ್ಕೇ ಕೇಳಲು ಬರುತ್ತಿದ್ದೇನೆ. ಮನೆಯವರು ಹಾಲಿನೊಳಗೆ ಬರುವಂತಿಲ್ಲ, ಆದರೆ ಮಾಜಿ ಸದಸ್ಯರಿಗೆ ಹಿಂದಿನ ಬೆಂಚಿನಲ್ಲಿ ಕೂರುವ ಹಕ್ಕಿದೆಯಂತೆ, ಅಧಿಕಾರಿಯನ್ನೇ ಕೇಳಿಕೊಂಡೆ. ನೀವು ಯಾರ ಹೆಂಡತಿಯಾಗಿಯೂ ಬರಬೇಕಾಗಿಲ್ಲ. ಮಾತಾಡಲೂ ಬೇಡ, ಪದ ನಾನು ಹೇಳುತ್ತೇನೆ. ಕೇಳಿದ್ದು ಅದನ್ನೇನಾ ಎಂದು ಅಧ್ಯಕ್ಷರು ನಿಮ್ಮ ಕಡೆ ತಿರುಗಿದರೆ, ಹೌದು ಎಂದು ತಲೆಯಾಡಿಸಿ ಸಾಕು. ನೀವು ಬಂದರೆ ಟೈಲರ್ ಅಕ್ಕನೂ ಎದ್ದು ನಿಲ್ಲುತ್ತಾರಂತೆ. ಮೈಗೆ ಆಗುವುದಿಲ್ಲ ಎಂದರೆ ಬಲವಂತವಿಲ್ಲ, ಒಂದು ರಾತ್ರಿ ನಿಮ್ಮ ಪಕ್ಕ ಮಲಗಿ ಎದ್ದು ಒಬ್ಬಳೇ ವಾಪಸು ಹೋಗುತ್ತೇನೆ. ಆಗುತ್ತದೆ ಎಂದರೆ ಎರಡು ಜೊತೆ ಬಟ್ಟೆ ತೆಗೆದಿಡಿ, ಮರುದಿನವೇ ಹೊರಡೋಣ. ಹೊರಡುವಾಗ ಹೊಟ್ಟೆ ತುಂಬ ನೀರು ಕುಡಿಯಿರಿ, ರೈಲಿನಲ್ಲಿ ಕಕ್ಕಸು ಇದೆ. ನಾನು ಬರುವುದು ಭಾನುವಾರ, ಬೆಳಗಿನ ಪ್ಯಾಸೆಂಜರಿಗೆ.